ತಿರುಗಿಸಿದ ಕೊಡಗಳು

ಎರಡನೇ ಬೇಸಿಗೆಯ ನಲವತ್ತೊಂದನೇ ದಿನ,
ಕೆರೆ ಕಡೆಯ ಸಲ ತುಂಬಿದ ಮೇಲಿನ ನೂರಾ ಹನ್ನೆರಡನೇ ವರ್ಷ.

ನಮಗಿಂತ ಮೊದಲು ಈ ನೆಲದ ಮೇಲೆ ಓಡಾಡಿದವರಿಗೆ ಗದಿಗೆವ್ವನ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಒಂದಿಷ್ಟು ಮೋಡ. ನಿಮ್ಮ ಇಸವಿಯ ಲೆಕ್ಕ ನಮಗೆ ತಪ್ಪಿಹೋಗಿದೆ. ನಿಮ್ಮ ಬರಹದ ಕನ್ನಡವನ್ನು ನಾನು ಅಳಿದುಳಿದ ಪುಸ್ತಕ ಓದಿ ಕಲಿತವಳು. ಮಾತು ಒಡ್ಡಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಗೊತ್ತಿಲ್ಲದ ಪದ ಬಂದರೆ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ. ಸತ್ತವರಿಗೆ ಎಡೆ ಇಡುವಾಗ ಅವರು ಉಣ್ಣುತ್ತಾರೋ ಇಲ್ಲವೋ ಎಂದು ಯಾರು ನೋಡಿದ್ದಾರೆ? ಇಡಬೇಕು, ಇಡುತ್ತೇವೆ.

ನಾನು ಒಣಪಡೆಯವಳು. ನೀವು ಆಸಿಡ್ ಎಂದು ಕರೆಯುತ್ತಿದ್ದುದಕ್ಕೆ ನಾವು ಉರಿನೀರು ಎನ್ನುತ್ತೇವೆ. ನಿಮ್ಮ ಕಾರ್ಖಾನೆಗಳು ಇದ್ದ ಜಾಗದಲ್ಲೇ ನಮ್ಮ ಊರು ಇರುವುದರಿಂದ, ಎಲ್ಲಿ ಗುದ್ದಲಿ ಹಾಕಿದರೂ ನೀವು ಹೂತಿಟ್ಟ ಪೀಪಾಯಿಗಳು ಸಿಗುತ್ತವೆ. ಒಂದು ಒಡೆದರೆ ನಮಗೆ ಕರೆ ಬರುತ್ತದೆ. ಒಣ ಮರಳು ಸುರಿದು ಅದನ್ನು ಹರಿಯದಂತೆ ಕಟ್ಟುವುದು, ಮರಳು ಅದನ್ನು ಕುಡಿದ ಮೇಲೆ ಅಂಚಿನಿಂದ ಸ್ವಲ್ಪಸ್ವಲ್ಪವೇ ಸುಣ್ಣ ಚೆಲ್ಲುತ್ತ ಬರುವುದು ನಮ್ಮ ಕೆಲಸ. ಹತ್ತಿಯ ಬಟ್ಟೆಯನ್ನು ಉರಿನೀರು ಬೇಗ ತಿನ್ನುತ್ತದೆ, ಉಣ್ಣೆಯನ್ನು ಅಷ್ಟು ಬೇಗ ತಿನ್ನುವುದಿಲ್ಲ. ಹಾಗಾಗಿ ಈ ಸುಡುವ ಬಿಸಿಲಲ್ಲೂ ನಾವು ಕಂಬಳಿ ಹೊದ್ದು ದುಡಿಯುತ್ತೇವೆ. ಊರಿನವರಿಗೆ ನಾವೆಂದರೆ ತಮಾಷೆ. ಒಣಪಡೆಯವರು ಹೊಳೆಗೆ ಬಿದ್ದರೂ ಒಣಗಿಯೇ ಎದ್ದು ಬರುತ್ತಾರೆ ಎಂದು ನಗುತ್ತಾರೆ. ನಕ್ಕುಕೊಳ್ಳಲಿ. ಹೊಳೆ ಎಂಬುದನ್ನು ಅವರೂ ಕಂಡವರಲ್ಲ.

ನಮ್ಮ ಒಂದು ಪದ್ಧತಿಯನ್ನು ಇಲ್ಲೇ ಹೇಳಬೇಕು. ಅದಕ್ಕೆ ಕೂಡುಕೊಡ ಎಂದು ಹೆಸರು. ಬೆಂಕಿಯ ವರ್ಷಗಳಲ್ಲಿ ಹುಟ್ಟಿದ್ದು. ಊರಲ್ಲಿ ಕೊಂಬು ಊದಿದರೆ ಸಾಕು, ಏನು ಎತ್ತ ಎಂದು ಕೇಳದೆ ಪ್ರತಿ ಮನೆಯಿಂದ ಒಂದು ಕೊಡ ನೀರು ಕೇಡು ಬಿದ್ದ ಜಾಗಕ್ಕೆ ಹೋಗಬೇಕು. ಮನೆಯಲ್ಲಿ ಕುಡಿಯಲು ಅದೊಂದೇ ಕೊಡ ಇದ್ದರೂ ಹೋಗಬೇಕು. ಹಾಗೆ ಹೋದ ಕೊಡವನ್ನು ಬೇಡ ಎಂದರೆ ಅದನ್ನು ಕೊಡ ತಿರುಗಿಸುವುದು ಎನ್ನುತ್ತಾರೆ, ಅದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ. ತಿರುಗಿಸಿದ ನೀರು ಮನೆಗೆ ವಾಪಸು ಬರಬಾರದು. ಬೇಡ ಎಂದವರ ಕಾಲಬುಡದಲ್ಲೇ ಸುರಿದು ಖಾಲಿ ಕೊಡ ಹೊತ್ತು ನಡೆಯಬೇಕು. ನೀರಿಗಾಗಿ ಬಾಯಿಬಿಡುವ ಊರಿನವರು ಇಂಥ ನಿಯಮ ಹೇಗೆ ಮಾಡಿಕೊಂಡರು ಎಂದು ನೀವು ಕೇಳಬಹುದು. ಹಟಮಾರಿಗಳ ಊರು, ಇನ್ನೇನು ಹೇಳಲಿ.

ನನ್ನ ತಮ್ಮ ಮಲಕಾಜಿ ಕಳೆದ ಸುಗ್ಗಿಯಲ್ಲಿ ನವಣೆ ತುಂಬಿಡಲು ಹಿತ್ತಿಲಲ್ಲಿ ಹಗೇವು ತೋಡುತ್ತಿದ್ದ. ಆಳುದ್ದಕ್ಕಿಂತ ಕೆಳಗೆ ಹೋದಾಗ ಪಕ್ಕದ ಗೋಡೆಯಲ್ಲಿ ಸಿಮೆಂಟು, ಅದರ ಬಿರುಕಿನಲ್ಲಿ ನಿಮ್ಮದೊಂದು ನೀಲಿ ಪೀಪಾಯಿ ಕಂಡಿತು. ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಚಿತ್ರವೊಂದು ಉಳಿದಿತ್ತು: ಮೇಲೆ ಓರೆಯಾಗಿ ಹಿಡಿದ ನಳಿಕೆ, ಅದರಿಂದ ಬೀಳುವ ಹನಿ, ಹನಿಯ ಕೆಳಗೆ ಒಂದು ಕೈ. ಕೈ ಸುಟ್ಟುಹೋದೀತು ಎಂದು ನೀವು ಎಚ್ಚರಿಸಿದ್ದಿರಿ. ಹಿಂದಿನವರು ಕೈ ತೊಳೆಯಲು ತುಂಬಿಟ್ಟ ನೀರು ಎಂದು ನನ್ನ ತಮ್ಮ ಓದಿಕೊಂಡ. ಹನಿ ನೀರಿಗೆ ಪಾಳಿ ಹಚ್ಚಿ ನಿಲ್ಲುವವನು ಬೇರೆ ಏನು ಓದಿಯಾನು? ಕುಣಿಯುವಷ್ಟು ಖುಷಿಯಾಗಿ ಹಾರೆ ಎತ್ತಿ ಪೀಪಾಯಿಗೆ ಹಾಕಿದ.

ನಾವು ಓಡಿ ಹೋಗುವಷ್ಟರಲ್ಲಿ ಹಗೇವಿನ ತಳದಲ್ಲಿ ಉರಿನೀರು ಎಣ್ಣೆಯ ಹಾಗೆ ದಪ್ಪಗೆ ನಿಂತಿತ್ತು. ಗೋಡೆಯಲ್ಲಿ ಕಾಲಿಡಲು ತೋಡಿಕೊಂಡಿದ್ದ ಗೂಡೊಂದರಲ್ಲಿ ಅವನು ಬೆನ್ನು ಅಂಟಿಸಿ ನಿಂತಿದ್ದ. "ಅಕ್ಕಾ, ನಿಚ್ಚಣಕಿ ಕಾಲು ಕರ್ರಗಾಗಾಕ ಹತ್ತ್ಯಾವು. ಗಡಾನ ಏನರ ಮಾಡ" ಎಂದ. ನಮ್ಮ ಪಡೆಯ ಹಿರಿಯಳು ಇಮಾಂಬಿ. ಅವಳು ಒಡಕಿಗೆ ಮರಳಿನ ಚೀಲ ತುರುಕಿಸಿ, ತಳಕ್ಕೆ ಒಣ ಮರಳು ಇಳಿಬಿಡಲು ಹಚ್ಚಿದಳು. ನಾನು ಉಣ್ಣೆಯ ಹಗ್ಗ ಬಿಚ್ಚುತ್ತಿದ್ದೆ. ಗಂಟು ಬಿಚ್ಚಲು ಬರದೆ ಹಲ್ಲಿನಿಂದ ಕಚ್ಚಿ ಎಳೆದೆ. ಬೇರೆಯವರ ತಮ್ಮಂದಿರನ್ನು ಮೇಲೆತ್ತುವಾಗ ಈ ಕೈಗಳು ಎಂದೂ ಗಂಟಿಗೆ ಸೋತಿರಲಿಲ್ಲ.

ಅಷ್ಟರಲ್ಲಿ ಕೊಂಬು ಕೇಳಿ ಊರು ಬಂತು. ಒಬ್ಬೊಬ್ಬರ ತಲೆಯ ಮೇಲೂ ತುಂಬಿದ ಕೊಡ. ಉರಿನೀರಿನ ಮಡುವಿಗೆ ನೀರು ಬಿದ್ದರೆ ಅದು ತಟ್ಟನೆ ಕುದಿದು ಮೇಲಕ್ಕೆ ಸಿಡಿಯುತ್ತದೆ, ಮೇಲಿದ್ದದ್ದು ನನ್ನ ತಮ್ಮನ ಮುಖ. ಇಮಾಂಬಿ ಎರಡೂ ಕೈ ಚಾಚಿ ಅಡ್ಡ ನಿಂತಳು. "ನಿಮ್ಮ ಕಾಲ ಬೀಳತೀನಿ, ಕೊಡ ತಿರುಗಸ್ರಿ. ಇಲ್ಲಿ ನೀರ ಬಿತ್ತಂದ್ರ ಹುಡುಗ ಉಳಿಯಂಗಿಲ್ಲ" ಎಂದಳು. ಯಾರೂ ಜಗಳ ತೆಗೆಯಲಿಲ್ಲ. ಒಬ್ಬೊಬ್ಬರೇ ಬಂದು ಅವಳ ಕಾಲಬುಡದಲ್ಲಿ ಕೊಡ ಬಗ್ಗಿಸಿ, ಮುಖ ಗಂಟು ಹಾಕಿಕೊಂಡು ಹೋದರು. ಅಷ್ಟು ನೀರು ಮಣ್ಣಿಗೆ ಹೋದದ್ದನ್ನು ನನ್ನ ಆಯುಷ್ಯದಲ್ಲಿ ನಾನು ನೋಡಿರಲಿಲ್ಲ. ಹೂವಕ್ಕ ಎಂಬ ಮುದುಕಿ ಒಬ್ಬಳು ಮಾತ್ರ ಬಗ್ಗಿಸಲಿಲ್ಲ. ಇಡೀ ಊರಿನ ಹೆರಿಗೆ ಮಾಡಿಸಿದವಳು, ಯಾರಿಗೂ ಹೆದರುವವಳಲ್ಲ. "ನಿನ್ನ ಬಾಣಂತನ ಮಾಡಿದಾಕಿ ನಾ. ನನ್ನ ಕೊಡ ತಿರುಗಸಾಕ ನಿಂತೀಯೇನ? ನಾ ಸುರುವಂಗೂ ಇಲ್ಲ, ಹೋಗಂಗೂ ಇಲ್ಲ" ಎಂದು ಬೇಲಿಯ ಬದಿಗೆ ಕೊಡ ಇಟ್ಟುಕೊಂಡು ಕುಳಿತುಬಿಟ್ಟಳು. ಆಗ ನನಗೆ ಅವಳ ಮೇಲೆ ಮೈ ಉರಿಯುವಷ್ಟು ಸಿಟ್ಟು ಬಂದಿತ್ತು.

ತಮ್ಮನ ಹೆಂಡತಿ ರೇಣವ್ವ ಹೊಲದಲ್ಲಿದ್ದಳು. ಗಂಡ ಗುಂಡಿಯಲ್ಲಿ ಸುಡುತ್ತಿದ್ದಾನೆ ಎಂದು ಯಾರೋ ಕೂಗಿ ಹೇಳಿದರಂತೆ. ಅವಳು ಹಿತ್ತಿಲ ಹಿಂಬದಿಯಿಂದ, ನಾವು ಯಾರೂ ಇಲ್ಲದ ಕಡೆಯಿಂದ ಓಡಿ ಬಂದಳು. ಇಮಾಂಬಿಯ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಬಂದವಳು ನಿಲ್ಲಲೂ ಇಲ್ಲ, ಹೊಲಕ್ಕೆ ಒಯ್ದಿದ್ದ ಕುಡಿಯುವ ನೀರಿನ ಕೊಡವನ್ನು ಹಾಗೇ ಗುಂಡಿಗೆ ಸುರಿದಳು. ಪ್ರೀತಿಯಿಂದ ಸುರಿದಳು, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ.

ಅವನನ್ನು ಮೇಲೆತ್ತಿದಾಗ ಎರಡೂ ಕಣ್ಣು ಮುಚ್ಚಿಕೊಂಡು ಅವ್ವಾ ಅವ್ವಾ ಎನ್ನುತ್ತಿದ್ದ. ಮೈಗೆ ತಾಗಿದ ಉರಿನೀರಿಗೆ ಇರುವ ಮದ್ದು ಒಂದೇ, ನೀರು. ಬೊಗಸೆ ನೀರಲ್ಲ, ನಿಲ್ಲಿಸದೆ ಹೊಯ್ಯುವಷ್ಟು ನೀರು. ಸುತ್ತಲೂ ನೆಲವೆಲ್ಲ ಕೆಸರಾಗಿತ್ತು, ಕೊಡಗಳೆಲ್ಲ ಖಾಲಿಯಾಗಿ ಮನೆ ಸೇರಿದ್ದವು. ಊರ ತೊಟ್ಟಿ ಆಚೆ ತುದಿಯಲ್ಲಿ, ಅದರ ಕೀಲಿ ನೀರಗಂಟಿಯ ಹತ್ತಿರ. ಪಡೆಯ ಉಳಿದವರು ಆ ಕಡೆಗೆ ಓಡಿದರು. ಹೂವಕ್ಕ ಎದ್ದು ಬಂದು ತನ್ನ ಕೊಡವನ್ನು ಸಣ್ಣ ಧಾರೆಯಾಗಿ ಅವನ ಬಲಗಣ್ಣಿಗೆ ಹಿಡಿದಳು. ಇಮಾಂಬಿ ರೆಪ್ಪೆ ಅಗಲಿಸಿ ಹಿಡಿದಿದ್ದಳು. ಒಂದು ಕೊಡದ ನೀರು ಎರಡು ಕಣ್ಣಿಗೆ ಸಾಲುವುದಿಲ್ಲ ಎಂದು ಇಬ್ಬರಿಗೂ ತಿಳಿದಿತ್ತು. ತೊಟ್ಟಿಯ ನೀರು ಬಂದಾಗ ಎಡಗಣ್ಣು ಬೆಳ್ಳಗಾಗಿತ್ತು.

ತಮ್ಮ ಬದುಕಿದ್ದಾನೆ. "ಒಂದ ಕಣ್ಣಾಗ ನಿನ್ನ ಸಿಟ್ಟು ಅರ್ಧಾ ಅಷ್ಟ ಕಾಣತೈತಿ ಬಿಡಕ್ಕ, ಚಲೋನ ಆತು" ಎಂದು ನನ್ನನ್ನು ಕಾಡುತ್ತಾನೆ. ರೇಣವ್ವ ನಗುವುದಿಲ್ಲ. ಅವಳು ಈಗ ಕೊಡ ಮುಟ್ಟುವುದಿಲ್ಲ, ಮನೆಯ ನೀರನ್ನು ಅವನೇ ತರುತ್ತಾನೆ. ತಿರುಗಿಸಿದ ಕೊಡವನ್ನು ಸುರಿಯದೆ ಪಕ್ಕಕ್ಕೆ ಇಟ್ಟುಕೊಂಡು ಕೂರುವ ಹಾಗೆ ಪದ್ಧತಿ ಬದಲಾಗಬೇಕೆಂದು ಇಮಾಂಬಿ ಹಿರಿಯರ ಮುಂದೆ ಬೇಡಿಕೊಂಡಳು. ಅಜ್ಜ ಮುತ್ತಜ್ಜರು ಮಾಡಿದ್ದು, ನೋಡೋಣ ಎಂದರು. ಅವರು ಇನ್ನೂ ನೋಡುತ್ತಲೇ ಇದ್ದಾರೆ. ಮೊನ್ನೆ ಕುಂಬಾರ ಓಣಿಯಲ್ಲಿ ಇನ್ನೊಂದು ಪೀಪಾಯಿ ಸಿಕ್ಕಿತು, ಅದಕ್ಕೂ ಮರಳು ಹೊತ್ತೆವು. ನನಗೆ ಸಾಕಾಗಿದೆ. ನಾವು ಮಾಡದ ಅಡುಗೆಯ ಪಾತ್ರೆ ತಿಕ್ಕುವುದರಲ್ಲೇ ನಮ್ಮ ಆಯುಷ್ಯ ಮುಗಿಯುತ್ತಿದೆ.

ನಿಮ್ಮನ್ನು ಬೈಯಲು ಕುಳಿತಿದ್ದೆ. ಈಗ ಬೈಯುವಷ್ಟೂ ತ್ರಾಣವಿಲ್ಲ. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ನನ್ನ ತಮ್ಮನ ಆ ನೀಲಿ ಪೀಪಾಯಿ ಇನ್ನೂ ನೆಲದ ಮೇಲೆ, ಯಾವುದೋ ಅಂಗಳದ ಬಿಸಿಲಲ್ಲಿ ನಿಂತಿರಬಹುದು. ಅದನ್ನು ಹೂತುಬಿಡು, ಯಾರು ನೋಡುತ್ತಾರೆ ಎಂದು ನಿಮ್ಮಲ್ಲಿ ಒಬ್ಬರಿಗೆ ಯಾರಾದರೂ ಹೇಳುತ್ತಿರಬಹುದು. ಹಾಗೆ ಹೇಳಿಸಿಕೊಂಡವರು ನೀವೇ ಆಗಿದ್ದರೆ, ದಯಮಾಡಿ ಹೂಳಬೇಡಿ. ಎಷ್ಟೇ ಕಷ್ಟವಾದರೂ ಅದರ ಉರಿಯನ್ನು ಅಲ್ಲೇ, ನಿಮ್ಮ ಕಾಲದಲ್ಲೇ ಆರಿಸಿ. ನೀವು ಹಾಗೆ ಮಾಡಿದರೆ ಮಲಕಾಜಿ ಹಗೇವು ತೋಡಿ ಮುಗಿಸಿ, ನವಣೆ ತುಂಬಿ, ಎರಡೂ ಕಣ್ಣು ಬಿಟ್ಟುಕೊಂಡು ನನ್ನ ಜೊತೆ ಜಗಳಕ್ಕೆ ಬರುತ್ತಾನೆ, ರೇಣವ್ವ ಬಾಗಿಲಲ್ಲಿ ನಿಂತು ನಗುತ್ತಾಳೆ, ನಾನು ಈ ಕಾಗದ ಬರೆಯುವುದೇ ಇಲ್ಲ. ಆಗ ಯಾರಿಂದ ಉಪಕಾರವಾಯಿತು ಎಂಬುದು ನನಗೆ ಗೊತ್ತೇ ಇರುವುದಿಲ್ಲ. ಅದಕ್ಕೆ ಈಗಲೇ ಹೇಳಿಬಿಡುತ್ತೇನೆ: ನಿಮ್ಮ ಹೊಟ್ಟೆ ತಣ್ಣಗಿರಲಿ.

ಗದಿಗೆವ್ವ