ಸೋಮವಾರದ ಎರಡನೆಯ ಮಾತ್ರೆ

ಗುರುವಾರ, ಹದಿನಾಲ್ಕನೇ ತಾರೀಖು
ಅಡುಗೆಮನೆಯ ಮೇಜು, ಬೆಳಿಗ್ಗೆ ಏಳೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ ಅಂತ ಈ ಸಲ ವಾಡಿಕೆಗೆ ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ಎದೆ ಇನ್ನೂ ಡವಡವ ಅನ್ನುತ್ತಿದೆಯೇ? ನಿದ್ದೆ ಹತ್ತುತ್ತದೆಯೇ? ಊಟ ಸೇರುತ್ತದೆಯೇ? ಹೋದ ವಾರದ ಕಾಗದದಲ್ಲಿ ಗಾಳಿಯ ವೇಗ, ಮೋಡದ ಎತ್ತರ ಎಂದು ಎರಡು ಪುಟ ತುಂಬಿಸಿ, "ಅಂದಹಾಗೆ, ರಜೆಗೆ ಬಂದಾಗ ನೋಡಿದ ಡಾಕ್ಟರು ಗಮನ ನಿಲ್ಲಲೆಂದು ಮಾತ್ರೆ ಕೊಟ್ಟಿದ್ದಾರೆ, ಈಗ ದಿನಕ್ಕೊಂದು, ಸೋಮವಾರದಿಂದ ಎರಡು" ಎಂದು ಅಂಚಿನಲ್ಲಿ ಗೀಚಿದ್ದೀಯ. ಎದೆ ಹೊಡೆದುಕೊಳ್ಳುವುದನ್ನು ದ್ವೀಪದ ಹವೆ ಎಂದು ತಳ್ಳಿಹಾಕಿದ್ದೀಯ. ಹವಾಮಾನ ಕೇಂದ್ರದವರಿಗೆ ಹಲ್ಲುನೋವು ಬಂದರೂ ಹವೆಯೇ ಕಾರಣ. ಅದರ ಪಕ್ಕ ಬರೆದ ಮಾತ್ರೆಯ ಹೆಸರನ್ನು ಮೂರು ಸಲ ಓದಿದೆ, ಏಕೆಂದರೆ ನಾನು ನುಂಗುವುದೂ ಅದನ್ನೇ. ಸೋಮವಾರದೊಳಗೆ ನಿನಗೊಂದು ಮಾತು ಮುಟ್ಟಬೇಕು. ವೈರ್‌ಲೆಸ್ಸಿನಲ್ಲಿ ಹೇಳೋಣವೆಂದರೆ ನಿನ್ನ ಕೇಂದ್ರದ ಆರೂ ಜನ ಕಿವಿ ನಿಮಿರಿಸಿ ಕೂತಿರುತ್ತಾರೆ, ನಿನ್ನ ಮರ್ಯಾದೆ ಮಳೆಯ ಪ್ರಮಾಣದ ಜೊತೆಗೇ ಪ್ರಸಾರವಾದೀತು. ಅದಕ್ಕೇ ಈ ಕಾಗದ.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮೊಣಕಾಲು ಸುಧಾರಿಸಿದೆ. ನಾಲಿಗೆಗೆ ಎಂದೂ ಕಾಯಿಲೆ ಬಂದಿದ್ದಿಲ್ಲ. ನಲವತ್ತಮೂರನೇ ವಯಸ್ಸಿನಲ್ಲಿ ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆಯೆಂದು ಡಾಕ್ಟರು ಹೇಳಿದಾಗ, "ಇದಕ್ಕೆ ಇಷ್ಟುದ್ದ ಹೆಸರು ಬೇರೆ ಇಟ್ಟಿದ್ದಾರಾ? ನಾವು 'ತಲೆ ಎಲ್ಲಿಟ್ಟಿದ್ದೀಯ' ಅಂತ ಕೇಳಿ ಸುಮ್ಮನಾಗ್ತಿದ್ವಿ" ಅಂದಳು. ಅಪ್ಪ ಬಿಚ್ಚಿ ಹಾಗೇ ಬಿಟ್ಟ ರೇಡಿಯೋಗಳು, ನೀನು ಒಂದು ತೋಳಿಗೆ ನಿಲ್ಲಿಸಿದ ಸ್ವೆಟರುಗಳು, ನಾನು ಒಂದು ಬದಿಗೆ ಮಾತ್ರ ಬಣ್ಣ ಬಳಿದ ಬಾಗಿಲು. ಇವೆಲ್ಲ ವಂಶದಲ್ಲಿ ಹರಿದು ಬಂದದ್ದಂತೆ. ಯಾವುದೋ ಒಂದು ಜೀನಿನ ಕಿತಾಪತಿಯಲ್ಲ, ಹತ್ತಾರು ಸೇರಿ ಮಾಡಿದ ಸಮಷ್ಟಿ ಕೃಷಿ. ಅಮ್ಮನಿಗೆ ಇದು ಬಹಳ ಹಿಡಿಸಿತು. ನಲವತ್ತು ವರ್ಷದಿಂದ "ಎಲ್ಲಾ ನಿಮ್ಮಪ್ಪನ ಕಡೆಯದ್ದು" ಎನ್ನುತ್ತಿದ್ದವಳಿಗೆ ಈಗ ವಿಜ್ಞಾನವೇ ಸಾಕ್ಷಿ ನಿಂತಿದೆ ಎಂದುಕೊಂಡಿದ್ದಾಳೆ. ನಾನು ತಿದ್ದಲು ಹೋಗಿಲ್ಲ.

ಈಗ ಮನೆಯಲ್ಲಿ ಯಾರಿಗೂ ಹೇಳದ ಸಂಗತಿ. ಅಮ್ಮನ ಕಿವಿಗೆ ಬೀಳಬಾರದು. ನಮ್ಮ ಲಿಫ್ಟ್ ರಿಪೇರಿಯಲ್ಲಿ ಒಂದು ಶಾಸ್ತ್ರವಿದೆ. ಕೆಲಸಕ್ಕೆ ಇಳಿಯುವ ಮೊದಲು ಕರೆಂಟಿನ ದೊಡ್ಡ ಸ್ವಿಚ್ಚನ್ನು ಕೆಳಗೆಳೆದು, ಅದರ ಹಿಡಿಗೆ ಪ್ರತಿಯೊಬ್ಬನೂ ತನ್ನ ತನ್ನ ಬೀಗ ಜಡಿಯಬೇಕು, ಕೀಲಿ ಅವನವನ ಜೇಬಿನಲ್ಲೇ ಇರಬೇಕು. ಎಲ್ಲ ಬೀಗವೂ ಕಳಚುವವರೆಗೆ ಲಿಫ್ಟಿಗೆ ಕರೆಂಟಿಲ್ಲ. ಇಬ್ಬರಿದ್ದರೆ ಎರಡು ಬೀಗ, ಒಬ್ಬರನ್ನೊಬ್ಬರು ನಂಬದ ಓರಗಿತ್ತಿಯರ ಬೀರುವಿನ ಹಾಗೆ. ಹೋದ ವರ್ಷ ಮೂರು ಸಲ ನನ್ನ ಬೀಗ ಅಲ್ಲೇ ಬಿಟ್ಟು, ಕೀಲಿಸಮೇತ ಮನೆಗೆ ಬಂದು, ಒಂಬತ್ತು ಮಹಡಿಯ ಜನರಿಗೆ ಮೆಟ್ಟಿಲು ಹತ್ತಿಸಿದೆ. "ನಿಮಗೆ ಸಂಬಳ ಕೊಡೋದು ಲಿಫ್ಟ್ ಓಡ್ಸೋಕೆ ಸ್ವಾಮಿ, ಊರಿಗೆ ವ್ಯಾಯಾಮ ಮಾಡ್ಸೋಕಲ್ಲ" ಎಂದು ಮೇಸ್ತ್ರಿ ಕೈಮುಗಿದು ಕಡೆಯ ಎಚ್ಚರಿಕೆ ಕೊಟ್ಟ. ಆ ಹೆದರಿಕೆಗೇ ಡಾಕ್ಟರ ಬಾಗಿಲು ತಟ್ಟಿದೆ, ಮಾತ್ರೆ ಶುರುವಾಯಿತು. ದಿನಕ್ಕೊಂದು ಇದ್ದಾಗಲೇ ಎದೆಯಲ್ಲಿ ತಮಟೆ. ಮಾತ್ರೆ ಕೆಲಸ ಮಾಡುವ ಸದ್ದಿರಬೇಕೆಂದು ಯಾರಿಗೂ ಹೇಳಲಿಲ್ಲ. ಎರಡಾಯಿತು. ಮೂರು ದಿನ ರೆಪ್ಪೆ ಅಂಟಲಿಲ್ಲ. ನಾಲ್ಕನೆಯ ದಿನ ನನ್ನ ಜೊತೆಗಾರ ಉದ್ದಣ್ಣ (ಎಲ್ಲಾ ಬಾಗಿಲಿಗೂ ತಲೆಬಾಗುವ ವಿನಯಶೀಲ, ಆರೂವರೆ ಅಡಿ) ಲಿಫ್ಟಿನ ಕೆಳಗಿನ ಗುಂಡಿಯಲ್ಲಿದ್ದ. ನಾನು ಮೇಲೆ, ಸ್ವಿಚ್ಚಿನ ಕೋಣೆಯಲ್ಲಿ. ಕಿವಿಯ ತುಂಬ ನನ್ನದೇ ನಾಡಿ. ಕೆಲಸ ಮುಗಿಯಿತೆಂದು ತಲೆ ಯಾಕೆ ತೀರ್ಮಾನಿಸಿತೋ, ನನ್ನ ಬೀಗ ತೆಗೆದೆ, ಹಿಡಿಯನ್ನು ಮೇಲಕ್ಕೆ ಒತ್ತಿದೆ. ಅಲುಗಲಿಲ್ಲ. ತುಕ್ಕು ಹಿಡಿದಿದೆ ಎಂದು ಬೈದು ಇನ್ನೊಮ್ಮೆ ಒತ್ತಿದೆ. ಆಮೇಲೆ ಕಣ್ಣಿಗೆ ಬಿತ್ತು, ಉದ್ದಣ್ಣನ ನೀಲಿ ಬೀಗ. ಕೆಳಗೆ ಅವನು ಶಿಳ್ಳೆ ಹಾಕುತ್ತಿದ್ದ ಅಕ್ಕಾ. ನನ್ನ ಬೀಗವನ್ನು ಮತ್ತೆ ಅದೇ ಹಿಡಿಗೆ ಜಡಿದು, ಅದನ್ನೇ ಕಾಯುತ್ತ ಕೂತೆ. ಅವನೇ ಮೇಲೆ ಬಂದು ನೀರು ಕುಡಿಸಿ, "ಏನಯ್ಯ, ಪ್ರೇತ ನೋಡಿದೆಯಾ?" ಅಂದ. ನೋಡುವುದರಲ್ಲಿದ್ದೆ. ಮಾರನೆಯ ದಿನ ಅವನಿಗೆ ಎಲ್ಲ ಹೇಳಿದೆ. ಅವನು ತನ್ನ ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ.

ಇದನ್ನೆಲ್ಲ ಕೇಳಿದ ಡಾಕ್ಟರು ಈ ಸಲ ಜೀನ್ ಪರೀಕ್ಷೆಗೆಂದು ಒಂದು ಪುಟ್ಟ ಕೊಳವೆ ಕೊಟ್ಟು ಅದಕ್ಕೆ ಉಗಿಯಲು ಹೇಳಿದರು. ಗೆರೆ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಬೇಕೆಂದಾಗ ಬಾರದಿರುವುದೂ ನಮ್ಮ ಮನೆತನದ ಗುಣವಿರಬೇಕು. ಎರಡು ವಾರದ ಮೇಲೆ ವರದಿ ಬಂತು. ನನ್ನ ಬುದ್ಧಿ ಎಲ್ಲಿ ಅಲೆಯುತ್ತದೆ ಎಂಬುದನ್ನು ಯಾವ ಎಂಜಲೂ ಹೇಳದಂತೆ. ಅದು ಹೇಳಿದ್ದು ಇಷ್ಟೇ: ಈ ಮಾತ್ರೆಯನ್ನು ಕರಗಿಸಿ ಹೊರಹಾಕುವ ಕೆಲಸದಲ್ಲಿ ನನ್ನ ಯಕೃತ್ತು ಮಹಾ ಸೋಮಾರಿ. ಬೇರೆಯವರ ಮೈಯಲ್ಲಿ ಸಂಜೆಗೆ ಇಳಿಯುವುದು ನನ್ನಲ್ಲಿ ಮಾರನೆಯ ದಿನಕ್ಕೂ ಉಳಿದು, ಅದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು. ಹಳೆಯ ನೆಂಟರು ಹೋಗದ ಮನೆಗೆ ದಿನವೂ ಹೊಸ ನೆಂಟರು ಬಂದಂತೆ. ಈಗ ನನ್ನದು ಎಲ್ಲರಿಗಿಂತ ಸಣ್ಣ ಪ್ರಮಾಣ. ಎದೆ ತೆಪ್ಪಗಿದೆ. ಮಾಡಬೇಕಾದ ಕೆಲಸವನ್ನು ಚೀಟಿಯಲ್ಲಿ ಬರೆದು, ಒಂದೊಂದಾಗಿ ಗೀಟು ಹಾಕುತ್ತೇನೆ. ಎರಡು ತಿಂಗಳಿಂದ ನನ್ನ ಬೀಗ ನನ್ನ ಜೊತೆಗೇ ಮನೆಗೆ ಬರುತ್ತಿದೆ. ಬಾಗಿಲಿನ ಇನ್ನೊಂದು ಬದಿಗೆ ಮಾತ್ರ ಬಣ್ಣ ಇನ್ನೂ ಬಿದ್ದಿಲ್ಲ. ಅದಕ್ಕೆ ಮಾತ್ರೆ ಇಲ್ಲವಂತೆ.

ಅಮ್ಮ ನಿನ್ನ ನೆತ್ತಿಯ ಮೇಲೆ ಕೈಯಿಟ್ಟಂತೆ ತಿಳಿಯಬೇಕಂತೆ, ಮಫ್ಲರು ಸುತ್ತಿಕೊಳ್ಳಬೇಕಂತೆ. ನನ್ನಾಕೆಯೂ ನಿನ್ನನ್ನು ಕೇಳಿದ್ದಾಳೆ. ಮಧ್ಯಾಹ್ನದ ದೋಣಿ ತಪ್ಪುತ್ತದೆ, ಮುಗಿಸುತ್ತೇನೆ.

ನಿನ್ನ ತಮ್ಮ,
ಬುಗುರಿ

ತಾ.ಕ.: ನೋಡು, ಹೇಳಬೇಕಾದದ್ದನ್ನೇ ಬಿಟ್ಟು ಲಕೋಟೆ ಅಂಟಿಸಿದ್ದೆ, ಹರಿದು ಬರೆಯುತ್ತಿದ್ದೇನೆ. ಸೋಮವಾರ ಎರಡನೆಯ ಮಾತ್ರೆ ನುಂಗಬೇಡ. ಇದು ನನ್ನ ಪಾಂಡಿತ್ಯವಲ್ಲ. ನಿನ್ನೆ ನನ್ನ ಡಾಕ್ಟರು ನಿನ್ನ ಡಾಕ್ಟರಿಗೆ ಫೋನ್ ಮಾಡಿದರು, ಇಬ್ಬರೂ ಒಪ್ಪಿ ಬರೆದ ಚೀಟಿ ಜೊತೆಗಿದೆ. ಒಂದೇ ತಂದೆತಾಯಿಯ ಮಕ್ಕಳು, ನಿನಗೂ ಅದೇ ಸೋಮಾರಿ ಯಕೃತ್ತು ಇರಬಹುದು, ಇಲ್ಲದಿರಲೂಬಹುದು, ನೋಡದೆ ಹೇಳಲಾಗದಂತೆ. ಅಲ್ಲಿಯವರೆಗೆ ಪ್ರಮಾಣ ಏರಿಸಕೂಡದು. ತಲೆ ಸುತ್ತಿದರೆ, ಎದೆ ನೋವು ಬಂದರೆ ಮರ್ಯಾದೆ ಸುಡಲಿ, ಅದೇ ಕ್ಷಣ ವೈರ್‌ಲೆಸ್ ಹಿಡಿ. ಪೊಟ್ಟಣದಲ್ಲಿ ಕೊಳವೆ ಇದೆ. ಉಗಿಯುವ ಮೊದಲು ಅರ್ಧ ಗಂಟೆ ಏನೂ ತಿನ್ನಬೇಡ, ಕುಡಿಯಬೇಡ. ದೋಣಿಯವನಿಗೆ ಉದ್ದಣ್ಣನ ಕಥೆ ಹೇಳಿದ್ದೇನೆ. ನೀನು ತುಂಬಿಸಿದ ಕೊಳವೆ ಕೈಗೆ ಬರುವವರೆಗೆ ಹಗ್ಗ ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಈಗ ನಿನ್ನೆದುರಿಗೇ ನಿಂತಿರುತ್ತಾನೆ. ನಾಚಿಕೆಯಾದರೆ ಆ ಕಡೆ ತಿರುಗಿಕೊಳ್ಳಲು ಹೇಳು. ಉಗಿ.