ಹತ್ತಿಕಾಳ ಓಣಿಯ ನೋಟದ ಮನೆ

ಸಾಲುದೀಪ ವರ್ಷ 74, ಹದಿಮೂರನೆಯ ತಿಂಗಳು, ಆರನೆಯ ಬುಧವಾರ
ಹತ್ತಿಕಾಳ ಓಣಿ, ಹುಬ್ಬಳ್ಳಿ

ಗೋಡೆಗೆ ಎಚ್ಚರಿಕೆಯ ಕರಪತ್ರ ಅಂಟಿಸುತ್ತಿರುವವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನನ್ನ ವಾಕ್ಯಗಳು ಅಪ್ಪಣೆಯಂತೆ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳಲ್ಲ. ನಮ್ಮ ಓಣಿಯ ವಾಚನಾಲಯದ ಅಟ್ಟದಲ್ಲಿ ಒಂದು ತಗಡಿನ ಟ್ರಂಕ್ ಇದೆ. ಅದರ ತುಂಬ ನಿಮ್ಮ ಕರಪತ್ರಗಳು. ಹದಿನಾಲ್ಕನೆಯ ವಯಸ್ಸಿನಿಂದ ಅವನ್ನೇ ಓದಿಕೊಂಡು ಬೆಳೆದೆ. ನನ್ನ ಭಾಷೆ ಅಲ್ಲಿಂದಲೇ ಬಂತು, ಸಿಟ್ಟೂ ಅಲ್ಲಿಂದಲೇ.

ಸಿಟ್ಟು ಏಕೆಂದರೆ, ನೀವು ಬರೆದಿದ್ದೀರಿ: ಒಬ್ಬರೇ ಓಡಾಡಬೇಡಿ. ಆಭರಣ ತೊಡಬೇಡಿ. ಕತ್ತಲಾದ ಮೇಲೆ ಹೊರಗೆ ಬರಬೇಡಿ. ಸುಲಿಗೆಗೆ ಸಿಕ್ಕವಳಿಗೆ ಇಷ್ಟೊಂದು ಬೇಡಗಳು! ಅವಳು ನಡೆಯುವ ಬೀದಿಗೆ ಒಂದೂ ಇಲ್ಲ. ಕಿಟಕಿ ಮುಚ್ಚಿಕೊಂಡು ಒಳಗೆ ಕೂತವರಿಗೆ ಒಂದು ಮಾತೂ ಇಲ್ಲ. ಈ ಪತ್ರವನ್ನು ಒಂದು ತಿಂಗಳ ಹಿಂದೆ ಬರೆದಿದ್ದರೆ ಉದ್ದಕ್ಕೂ ನಿಮ್ಮನ್ನು ಬೈದಿರುತ್ತಿದ್ದೆ. ಇವತ್ತು ಎದೆ ಹಗುರಾಗಿದೆ, ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಾವು ಬದುಕುವ ರೀತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಎಪ್ಪತ್ತನಾಲ್ಕು ವರ್ಷಗಳ ಹಿಂದೆ, ಒಂದೇ ವಾರದಲ್ಲಿ ಮೂವರು ಸುಲಿಗೆಗೆ ಸಿಕ್ಕಿದಾಗ, ಈ ಓಣಿಯ ಹೆಂಗಸರು ಬಾಗಿಲು ಭದ್ರ ಮಾಡುವ ಬದಲು ತೆರೆದರು. ಮನೆಗೊಂದು ದೀಪ ಹೊರಗಿಟ್ಟು ಕಟ್ಟೆಯ ಮೇಲೆ ಕೂತರು. ನಮ್ಮ ವರ್ಷದ ಎಣಿಕೆ ಆ ರಾತ್ರಿಯಿಂದ ಶುರು. ಈಗ ಬೀದಿಯ ದೀಪಗಳು ಕಂಬದ ತುದಿಯಲ್ಲಿಲ್ಲ, ಆಳೆತ್ತರದಲ್ಲಿವೆ. ಎದುರಿಗೆ ಬಂದವರ ಮುಖ ಕಾಣಲೆಂದು ಅವನ್ನು ಮುಖದೀಪ ಎನ್ನುತ್ತೇವೆ. ಎದೆಮಟ್ಟಕ್ಕಿಂತ ಎತ್ತರದ ಕಾಂಪೌಂಡ್ ಯಾರೂ ಕಟ್ಟುವ ಹಾಗಿಲ್ಲ. ರಾತ್ರಿ ಒಂಬತ್ತಕ್ಕೆ ಹುಡುಗಿಯರು ಸೈಕಲ್ ಕಲಿಯುತ್ತಾರೆ, ಬಜಿ ಅಂಗಡಿಯ ಮುಂದೆ ಮುದುಕರು ಜಗಳಾಡುತ್ತಾರೆ. ಓಣಿಯ ಪ್ರತಿ ತಿರುವಿನಲ್ಲೂ ದಿನಕ್ಕೊಂದು ಮನೆ ಸರದಿಯ ಪ್ರಕಾರ ನೋಟದ ಮನೆಯಾಗುತ್ತದೆ. ಕತ್ತಲಾದ ಮೇಲೆ ಆ ಮನೆಯವರಲ್ಲಿ ಒಬ್ಬರು ಕಟ್ಟೆಯ ಮೇಲೆ ಕೂರಬೇಕು. ದಾರಿಹೋಕರು “ಹೊಂಟೇನ್ರೀ” ಎಂದರೆ ಕೂತವರು “ಕಾಣಾಕತ್ತೀರಿ” ಎನ್ನಬೇಕು. ಮಗು ಹೋದರೂ ಬಹುವಚನವೇ. ಮುಂದಿನ ತಿರುವಿನ ಮನೆ ನೋಟ ಹಿಡಿಯುವವರೆಗೂ ಕಣ್ಣು ತೆಗೆಯುವಂತಿಲ್ಲ. ಇಷ್ಟೇ ನಮ್ಮ ಕಾವಲು. ನಲವತ್ತೊಂದು ವರ್ಷ ಇಲ್ಲಿ ಒಂದೂ ಸುಲಿಗೆ ಆಗಿರಲಿಲ್ಲ.

ಹೋದ ತಿಂಗಳು ಆಯಿತು.

ನೀಲಗಂಗವ್ವ ನಮ್ಮ ಎದುರು ಮನೆಯವರು. ಅರವತ್ತೆಂಟು ವರ್ಷ. ಹಾಸಿಗೆ ಹಿಡಿದವರ ಹತ್ತಿರ ರಾತ್ರಿಯಿಡೀ ಕೂತು ಅವರನ್ನು ನೋಡಿಕೊಳ್ಳುವುದು ಅವರ ಕೆಲಸ. ನಾವೆಲ್ಲ ಅವರನ್ನು ಆಯಿ ಎನ್ನುತ್ತೇವೆ. ಅವತ್ತು ಎಂಟೂವರೆಗೆ ಹೊರಟ ಆಯಿಯನ್ನು ಮುಂದಿನ ತಿರುವಿಗೆ ಮೊದಲೇ ಸಿಗುವ ಹತ್ತಿ ಗೋದಾಮಿನ ಹತ್ತಿರ ಒಬ್ಬ ತಡೆದು ಚಾಕು ತೋರಿಸಿದ. “ಸುಮ್ನ ತೆಗಿ” ಎಂದ. ಆಯಿ ಹುಟ್ಟಿನಿಂದ ಅಂಥ ಮಾತು ಕೇಳಿದವರಲ್ಲ. “ಏನ್ ತೆಗೀಬೇಕಪಾ?” ಎಂದರು. ಕಿವಿಯ ಬೆಂಡೋಲೆ ಎಂದು ಅವನೇ ಬಿಡಿಸಿ ಹೇಳಬೇಕಾಯಿತು. “ತಿರುಪು ಬಿಗಿ ಐತಿ, ತಡಿ” ಎನ್ನುವಷ್ಟರಲ್ಲಿ ಅವನ ತಾಳ್ಮೆ ಕೆಟ್ಟು, ಎರಡನ್ನೂ ತಾನೇ ತಿರುಪು ತಿರುಚಿ ಕಿತ್ತುಕೊಂಡು ಅವರನ್ನು ತಳ್ಳಿ ಓಡಿದ. ಮಣಿಕಟ್ಟು ಮುರಿಯಿತು. ಅವನು ಇನ್ನೂ ಸಿಕ್ಕಿಲ್ಲ.

ಆಮೇಲೆ ಆಯಿ ಹನ್ನೊಂದು ದಿನ ಹೊಸ್ತಿಲು ದಾಟಲಿಲ್ಲ. ಸಂಜೆ ಐದಕ್ಕೇ ಅವರ ಮನೆಯ ಅಗುಳಿ ಬೀಳುವ ಸಪ್ಪಳ ಕೇಳುತ್ತಿತ್ತು. ಹನ್ನೆರಡನೆಯ ದಿನ ಮಧ್ಯಾಹ್ನ ಓಣಿಯ ಸಭೆ ಸೇರಿತು. ಈರಣ್ಣ ಮೆಣಸಿನಕಾಯಿ ಒಳ್ಳೆಯ ಮನುಷ್ಯ, ಹೆದರಿದ್ದರು. ಓಣಿಯ ಎರಡೂ ತುದಿಗೆ ಗೇಟ್ ಹಾಕಿ ಎಂಟಕ್ಕೆ ಬೀಗ ಜಡಿಯಬೇಕು ಎಂದರು. ಜಡಿದರೆ ಆಯಿಯ ಕೆಲಸ ಅಲ್ಲಿಗೆ ಮುಗಿಯಿತು. ಹುಡುಗಿಯರ ಸೈಕಲ್ ಕೂಡ. ಅವತ್ತು ಏನಾಯಿತೆಂದು ಹೇಳಲು ಆಯಿಯನ್ನು ಕೇಳಿದರು. ಕೈಗೆ ಪಟ್ಟಿ ಕಟ್ಟಿಕೊಂಡು ಕೂತಲ್ಲಿಂದಲೇ ಅವರು ನನ್ನ ಕಡೆ ತಿರುಗಿ ಹೇಳಿದರು:

“ಅಂವ ಹಿಂದ ಬರೂದು ಸಪ್ಪಳದಾಗ ಗೊತ್ತಾಗಿತ್ತು, ತಂಗಿ. ನೀ ‘ಕಾಣಾಕತ್ತೀರಿ’ ಅಂದೆಲ್ಲ, ಅದಕ್ಕ ನಾ ತಿರುಗಿ ನೋಡಲಿಲ್ಲ.”

“ಕೇಳಿದ್ರಿಲ್ಲೋ?” ಎಂದರು ಈರಣ್ಣ. “ನೋಡಿದ್ರೂ ಆತಲ್ಲ. ಇನ್ನ ನೋಡಿ ಏನ್ ಮಾಡೂದೈತಿ? ಗೇಟ್ ಹಾಕ್ರಿ.” ಕೈಗಳು ಏಳತೊಡಗಿದವು.

ಸುಲಿಗೆಯಾದ ರಾತ್ರಿ ನೋಟದ ಮನೆ ನಮ್ಮದು. ಕಟ್ಟೆಯ ಮೇಲೆ ಕೂತವಳು ನಾನು. ನಾನು ತಲೆ ಎತ್ತಿರಲಿಲ್ಲ. ಧ್ವನಿ ಕೇಳಿತು, ಬಾಯಿ ತಾನಾಗಿ ಉತ್ತರ ಕೊಟ್ಟಿತು, ಕಣ್ಣು ಕಾಗದದ ಮೇಲೆಯೇ ಇತ್ತು. ಹನ್ನೊಂದು ದಿನ ಇದನ್ನು ನುಂಗಿಕೊಂಡಿದ್ದೆ. ಸಭೆಯಲ್ಲಿ ಎದ್ದು ನಿಂತೆ. “ನಾ ನೋಡಿರಲಿಲ್ರಿ. ನೋಡಲಾರದ ‘ಕಾಣಾಕತ್ತೀರಿ’ ಅಂದೆ” ಎಂದೆ.

ಎದ್ದ ಕೈಗಳು ಎತ್ತಿದಂತೆಯೇ ಉಳಿದವು. ಆಯಿ ಕೇಳಿದರು, “ಮತ್ತ ಏನ್ ಮಾಡಾಕತ್ತಿದ್ದಿ?”

“ಓದಾಕತ್ತಿದ್ದೆ, ಆಯಿ.”

“ಅಂಥಾದ್ದೇನಿತ್ತು?”

“ಹಳೇ ಕರಪತ್ರ. ಕಳ್ಳರಿದ್ದಾರೆ ಎಚ್ಚರಿಕೆ ಅಂತ. ಬಂಗಾರ ಹಾಕ್ಕೊಂಡು ಒಬ್ಬಾಕಿನ ತಿರುಗಾಡಬ್ಯಾಡ್ರಿ ಅಂತ.”

“ಅಂದ್ರ ತಪ್ಪು ನಂದು ಅಂತ ಬರದಾರೇನು?” ಎಂದು ಆಯಿ ನಕ್ಕರು. ಹನ್ನೆರಡು ದಿನಗಳಲ್ಲಿ ಮೊದಲ ಸಲ ನಕ್ಕದ್ದು. ನನಗೆ ಅಳು ಬಂತು.

ಹಿಂದಿನಿಂದ ಯಾರೋ ಕೇಳಿದರು, “ಈರಣ್ಣಾ, ಗೇಟಿನ ಮುಂದ ಕೂತಾಂವನೂ ಓದಕೋಂತ ಕುಂತ್ರ?” ಸಭೆಯೆಲ್ಲ ನಕ್ಕಿತು. ಈರಣ್ಣ ಕೂಡ. “ಆತು, ಗೇಟ್ ಬಿಡ್ರಿ. ಆದ್ರ ನೋಟದ ಮನಿಯಾಗ ಕಾಗದ ಬಂದ್. ಈ ಹುಡುಗಿ ತನ್ನ ಕಟ್ಟಿ ಮ್ಯಾಲ ದಿನಾ ಒಂದರಂಗ ಮೂವತ್ತು ಸರದಿ ಕುಂದರಲಿ.” ಒಪ್ಪಿಕೊಂಡೆ. ಅಷ್ಟು ಸಂತೋಷದಿಂದ ಯಾವ ಶಿಕ್ಷೆಯನ್ನೂ ನಾನು ಒಪ್ಪಿಕೊಂಡವಳಲ್ಲ.

ಆದರೂ ಕತ್ತಲಾದ ಮೇಲೆ ಆಯಿ ಹೊರಗೆ ಬರಲಿಲ್ಲ. ಕೇಳಿದರೆ “ನೋಡೂಣು” ಎನ್ನುತ್ತಿದ್ದರು. ಒಂದೊಂದು ಸರದಿಯಲ್ಲೂ ಮುಚ್ಚಿದ ಆ ಬಾಗಿಲನ್ನೇ ನೋಡುತ್ತ ಕೂತೆ. ಇವತ್ತು ಹದಿನೇಳನೆಯದು. ಎಂಟೂವರೆಗೆ ಅಗುಳಿ ತೆಗೆದ ಸದ್ದಾಯಿತು. ಆಯಿ ಮೆಟ್ಟಿಲ ಮೇಲೆ ಸುಮ್ಮನೆ ನಿಂತರು, ಆಮೇಲೆ ಇಳಿದರು. “ಹೊಂಟೇನ್ರೀ” ಎಂದದ್ದು ಬಹಳ ಸಣ್ಣ ದನಿಯಲ್ಲಿ.

“ಕಾಣಾಕತ್ತೀರಿ” ಎಂದೆ.

ಅವರು ಹೋಗಲಿಲ್ಲ. “ಏನೇನ್ ಕಾಣಾಕತ್ತೈತಿ, ಹೇಳ್ ನೋಡೂಣು?”

“ಎಡಗೈಯಾಗ ಚೀಲ. ಕಿವಿ ತೂತಿನಾಗ ಬೇವಿನ ಕಡ್ಡಿ. ಸೆರಗು ಬಾಗಿಲದ ಚಿಲಕಕ್ಕ ಸಿಕ್ಕಿ ಚೂರು ಹರದೈತಿ, ಆಯಿ. ಹಿಂದ ಯಾರೂ ಇಲ್ಲ.”

ಆಯಿ ಸೆರಗು ಮುಂದಕ್ಕೆಳೆದು ಹರಿದ ಅಂಚನ್ನು ಮುಖದೀಪಕ್ಕೆ ಹಿಡಿದು ನೋಡಿದರು. “ಹೌದಲ್ಲ” ಎಂದರು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರು.

ಸರದಿ ಮುಗಿಸಿ, ಮನೆಯೊಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ನಿಮ್ಮ ಕರಪತ್ರ ಹರಿಯಬೇಡಿ, ಅಂಟಿಸಿ. ಆದರೆ ಬೇಡಗಳ ಕೆಳಗೆ ಒಂದು ಸಾಲು ಜಾಗ ಬಿಟ್ಟು, ಇವತ್ತು ಈ ಬೀದಿಯನ್ನು ನೋಡುವವರು ಯಾರು ಎಂದು ಕೇಳಿ. ಬೇರೆ ಯಾರೂ ಸಿಗದಿದ್ದರೆ ನಿಮ್ಮ ಹೆಸರನ್ನೇ ಬರೆಯಿರಿ. ಬರೆದ ಮೇಲೆ ಹೊರಗೆ ಬಂದು ಕೂತುಕೊಳ್ಳಿ. ಕೂತ ಮೇಲೆ, ದಯವಿಟ್ಟು, ತಲೆ ಎತ್ತಿ.

ಆಯಿ ಗೋದಾಮು ದಾಟಿ, ಮುಂದಿನ ತಿರುವಿನ ಮನೆ ಅವರನ್ನು ಕಂಡು ಕೂಗುವವರೆಗೂ ನಾನು ಕಣ್ಣು ತೆಗೆಯಲಿಲ್ಲ. ಅಷ್ಟು ದೂರ ನಡೆಯುವಾಗ ಅವರು ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ಕಲ್ಯಾಣಿ ಹೂಗಾರ
ಇನ್ನು ಹದಿಮೂರು ಸರದಿ ಬಾಕಿ ಇರುವವಳು