ವೆನಿಲಾ ವಾಸನೆಯ ಮೊಸರನ್ನ

ಜೀವನ್ ಬಿಮಾ ನಗರ,
ಬೆಂಗಳೂರು
೯ ಆಗಸ್ಟ್ ೨೦೨೫, ಶನಿವಾರ

ಅಮ್ಮನಿಗೆ ರಂಜನಾ ಮಾಡುವ ನಮಸ್ಕಾರ.

ನಮಸ್ಕಾರ ಪದ್ಧತಿಗೆ ಬರೆದದ್ದು, ಸಿಟ್ಟು ಹಾಗೇ ಇದೆ. ನಾವೆಲ್ಲ ಇಲ್ಲಿ ಕ್ಷೇಮ ಎಂಬ ಸಾಲನ್ನು ಈಗ ಬರೆಯಬೇಕು, ಬರೆಯುವುದಿಲ್ಲ. ನೀನು ಹೋಗಿ ಹತ್ತೊಂಬತ್ತು ದಿನವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಕ್ಷಮಿಸು. ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಾತಿಗೆ ಸಿಕ್ಕುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ‘ಅಲ್ಲಿ ಮಳೆ ಬಂತೇನೆ?’ ಎನ್ನುತ್ತೀಯ, ‘ಸರಿ, ಕುಕ್ಕರ್ ಕೂಗ್ತಿದೆ’ ಎಂದು ಇಟ್ಟುಬಿಡುತ್ತೀಯ. ಚಿಂತಾಮಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಕುಕ್ಕರ್ ಕೂಗುತ್ತಲೇ ಇರುತ್ತದೆಯೇ? ವಾಟ್ಸಾಪಿನಲ್ಲಿ ಬರೆದರೆ ನಿನ್ನ ಮಗ ಸೀನ ಗಟ್ಟಿಯಾಗಿ ಓದಿ ಹೇಳುತ್ತಾನೆ, ಸೊಸೆ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಇದು ಅವರಿಗಲ್ಲ. ಕನ್ನಡಕ ಹಾಕಿಕೊಂಡು ನೀನೇ ಓದು.

ಮೊದಲು ನಿನ್ನ ಮೊಮ್ಮಗಳ ಸುದ್ದಿ. ಚಿನ್ನುವಿನ ತೂಕ ಈಗ ಹದಿನಾಲ್ಕೂವರೆ ಕೆಜಿ. ನೀನು ಇಲ್ಲಿದ್ದಾಗ ಹದಿನೈದೂ ಚಿಲ್ಲರೆ ಇತ್ತು. ಆರು ವರ್ಷ ತುಂಬಿದ ಹುಡುಗಿ ಯೂನಿಫಾರ್ಮಿನ ಸ್ಕರ್ಟಿಗೆ ಪಿನ್ನು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ. ನೋಡಿದವರೆಲ್ಲ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. ಮೊನ್ನೆ ಹಲಸೂರಿನಲ್ಲಿ ನಿನ್ನ ಅಳಿಯ ಜಯಂತ್ ಕಡೆಯವರ ನಾಮಕರಣಕ್ಕೆ ಹೋಗಿದ್ದೆವು. ಒಬ್ಬಾಕೆ, ಹೆಸರೂ ಗೊತ್ತಿಲ್ಲ, ಹೋಳಿಗೆ ಮುರಿಯುತ್ತಾ ‘ತಾಯಿ ಆಫೀಸಿಗೆ ಹೋದ್ರೆ ಮಕ್ಕಳು ಹೀಗೇ ಕಣಮ್ಮ, ಏನ್ ಮಾಡಕ್ಕಾಗುತ್ತೆ’ ಎಂದಳು. ಅವಳ ಹೋಳಿಗೆಯ ಮೇಲೆ ನೀರು ಸುರಿಯಬೇಕೆನಿಸಿತು. ತುಪ್ಪ ಬಡಿಸಿ ಬಂದೆ.

ಈ ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ಶಾಸ್ತ್ರ, ನಿನಗೆ ಗೊತ್ತಿರುವುದೇ. ಮಾವನವರು ಪೇಪರಿನಿಂದ ತಲೆಯೆತ್ತದೆ ‘ಹಸಿವಾದ್ರೆ ತಾನೇ ತಿಂತಾಳೆ ಬಿಡಮ್ಮ, ನಮ್ಮ ಕಾಲದಲ್ಲಿ ಬೇಡ ಅಂದ್ರೆ ಎದ್ದು ಹೋಗು ಅಂತಿದ್ರು’ ಎನ್ನುತ್ತಾರೆ. ಅದೇ ಮಾವನವರು ಹುಳಿಯಲ್ಲಿ ನುಗ್ಗೆಕಾಯಿ ಕಾಣದಿದ್ದರೆ ತಟ್ಟೆ ಸರಿಸಿ ಕೂರುತ್ತಾರೆ. ಎಪ್ಪತ್ತೆರಡು ವರ್ಷದವರು ಮಾಡಿದರೆ ಅದು ರುಚಿ, ಆರು ವರ್ಷದವಳು ಮಾಡಿದರೆ ಹಟ. ಜಯಂತ್ ಕಾರ್ಖಾನೆಯಿಂದ ಬಂದು ಮೊಬೈಲಿನಲ್ಲಿ ಕಾರ್ಟೂನ್ ಹಾಕುತ್ತಾರೆ, ಅವಳು ಮೈಮರೆತು ಬಾಯಿ ಬಿಟ್ಟಾಗ ಚಪಾತಿ ತುರುಕಿ ‘ನೋಡು, ನನ್ನ ಹತ್ರ ತಿಂತಾಳೆ’ ಎಂದು ಬೀಗುತ್ತಾರೆ. ಅರ್ಧ ಗಂಟೆ ಕೆನ್ನೆಯೊಳಗೆ ಇಟ್ಟುಕೊಂಡ ಚಪಾತಿಯನ್ನು ಅವಳು ಬಚ್ಚಲಲ್ಲಿ ಉಗುಳುವುದನ್ನು ನೋಡುವವಳು ನಾನು. ಒಂದು ಭಾನುವಾರ ರಸೆಲ್ ಮಾರುಕಟ್ಟೆಗೆ ಹೋಗಿ ಬ್ರೊಕೋಲಿ, ಬೇಬಿಕಾರ್ನ್, ಕೆಂಪು ಹಳದಿ ದೊಣ್ಣೆಮೆಣಸಿನಕಾಯಿ ಎಲ್ಲ ಚೀಲ ತುಂಬ ತಂದರು. ಬಣ್ಣಬಣ್ಣದ್ದು ಮಕ್ಕಳಿಗೆ ಇಷ್ಟವಾಗುತ್ತದೆಂದು ಯಾವುದೋ ವಿಡಿಯೋದಲ್ಲಿ ಕೇಳಿದ್ದರಂತೆ. ಚಿನ್ನುಗೆ ನಿಜವಾಗಿಯೂ ಇಷ್ಟವಾಯಿತು, ನೆಲದ ಮೇಲೆ ಜೋಡಿಸಿ ರಂಗೋಲಿ ಮಾಡಿದಳು. ತಿಂದದ್ದು ನಾವು, ನಾಲ್ಕು ದಿನ, ಎರಡು ಹೊತ್ತೂ.

ಶಾಲೆಯವರೇನು ಕಡಿಮೆಯೇ? ಮೋನಿಷಾ ಮಿಸ್ ಡಬ್ಬಿ ಖಾಲಿ ಮಾಡಿದ ಮಕ್ಕಳಿಗೆ ಸ್ಟಾರ್ ಕೊಡುತ್ತಾರೆ. ಜೂನ್ ತಿಂಗಳಲ್ಲಿ ಚಿನ್ನುಗೆ ಹದಿನೆಂಟು ಸ್ಟಾರ್ ಬಂದಿತ್ತು. ನಾನು ಪೆದ್ದಿ, ಎಲ್ಲವನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿ ಹಿಗ್ಗಿದ್ದೆ. ಆಮೇಲೆ ಅಲ್ಲಿನ ಆಯಾ ಗುಟ್ಟಾಗಿ ಹೇಳಿದಳು: ‘ಮೇಡಂ, ಪಾಪು ಡೈಲಿ ಡಬ್ಬಿ ಊಟ ಕಸಕ್ಕೆ ಸುರಿದ್ಬಿಟ್ಟು ಮಿಸ್‌ಗೆ ತೋರಿಸ್ತಾಳೆ.’ ಐದೂ ಮುಕ್ಕಾಲಕ್ಕೆ ಎದ್ದು ನಾನು ಉದ್ದಿದ ಪರೋಟ, ಹೆಚ್ಚಿದ ಕ್ಯಾರೆಟ್ಟು, ಎಲ್ಲ ಕಸದ ಬುಟ್ಟಿಗೆ. ಮಗುವಿಗೆ ಊಟ ಕಲಿಸಲು ಹೊರಟವರು ಸುಳ್ಳು ಕಲಿಸಿದರು ಎಂದು ಅಂದು ಜಯಂತ್ ಮುಂದೆ ಕೂಗಾಡಿದ್ದೆ. ಆ ಮಾತು ಆಡಲು ನನಗೆ ಎಷ್ಟು ಧೈರ್ಯ ನೋಡು.

ಡಾಕ್ಟರ್ ಜಹನಾರಾ ಹತ್ತಿರ ಹೋದಾಗ ನೀನೂ ಜೊತೆಗಿದ್ದೆ. ಕಾಕ್ಸ್ ಟೌನಿನ ಆ ಕ್ಲಿನಿಕ್ಕಿನಲ್ಲಿ ಅವರು ಚಿನ್ನುವನ್ನು ಮಾತಾಡಿಸಿ, ಅವಳು ತಿನ್ನುವುದನ್ನೆಲ್ಲ ಬರೆದುಕೊಂಡರು. ಬರೆದದ್ದು ನಾಲ್ಕೇ ಸಾಲು: ಒಗ್ಗರಣೆಯಿಲ್ಲದ ಮೊಸರನ್ನ, ಖಾಲಿ ದೋಸೆ, ಉಪ್ಪು ಹಚ್ಚಿದ ಸೌತೆಕಾಯಿ, ಬೇಕರಿ ರಸ್ಕು. ಅವರು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. ‘ಈ ನಾಲ್ಕನ್ನ ಮಾತ್ರ ಮುಟ್ಬೇಡಿ ರಂಜನಾ. ಹೊಸದನ್ನ ಪಕ್ಕದಲ್ಲಿಡಿ, ತಿಂದ್ರೆ ತಿನ್ಲಿ, ಬಿಟ್ರೆ ಬಿಡ್ಲಿ. ತಿನ್ನೋದ್ರೊಳಗೆ ಏನೂ ಬಚ್ಚಿಡ್ಬೇಡಿ. ಒಂದ್ಸಲ ಮೋಸ ಗೊತ್ತಾದ್ರೆ ಇದೂ ಹೋಗುತ್ತೆ. ಈ ಪ್ರೋಟೀನ್ ಪುಡಿನೂ ಅಷ್ಟೇ, ಅವಳ ಕಣ್ಣೆದುರಿಗೇ ಹಾಲಿಗೆ ಹಾಕಿ. ಬೇಡ ಅಂದ್ರೆ ಬಿಟ್ಬಿಡಿ.’ ಬರುವಾಗ ಆಟೋದಲ್ಲಿ ನೀನು ಮೂಗು ಮುರಿದೆ: ‘ಹೇಳಿ ಕೇಳಿ ಯಾರಾದ್ರೂ ಮಕ್ಕಳಿಗೆ ತಿನ್ನಿಸ್ತಾರೇನೆ? ನೀನು ಹಾಗಲಕಾಯಿ ತಿಂದಿದ್ದು ಹೇಗೆ ಅಂದ್ಕೊಂಡೆ? ಬೆಲ್ಲದ ಗೊಜ್ಜಲ್ಲಿ ಕಿವುಚಿ ದೋಸೆ ಒಳಗಿಟ್ಟು ಕೊಡ್ತಿದ್ದೆ.’ ಮುಂದೆ ಕೂತಿದ್ದ ಜಯಂತ್ ಅದನ್ನು ಕೇಳಿಸಿಕೊಂಡಿದ್ದರು. ಆ ಮಾತೇ ನಿನಗೆ ಮುಳುವಾಯಿತು.

ನೀನು ಹೊರಡುವ ಹಿಂದಿನ ದಿನ, ಆ ಭಾನುವಾರದ ಊಟವನ್ನು ನಾನು ದಿನಕ್ಕೆ ನೂರು ಸಲ ಉಣ್ಣುತ್ತಿದ್ದೇನೆ. ಎಲ್ಲರೂ ಕೂತಿದ್ದೆವು. ನೀನು ಬೋಗುಣಿಯಲ್ಲಿ ಅನ್ನ ಹಿಸುಕಿ, ಹಾಲು ಮೊಸರು ಹಾಕಿ ಕಲಸಿ, ಚಿನ್ನುವನ್ನು ಮುಂದೆ ಕೂರಿಸಿಕೊಂಡು ಕೈತುತ್ತು ಕೊಡುತ್ತಿದ್ದೆ. ಹನ್ನೊಂದು ದಿನದಿಂದ ಅವಳು ನಿನ್ನ ಕೈಯಲ್ಲಿ ತಕರಾರಿಲ್ಲದೆ ತಿನ್ನುತ್ತಿದ್ದಳು, ಮೊದಲ ತುತ್ತು ಹೋಯಿತು. ಎರಡನೆಯದಕ್ಕೆ ನಿಲ್ಲಿಸಿದಳು. ‘ಐಸ್‌ಕ್ರೀಮ್ ವಾಸ್ನೆ ಬರ್ತಿದೆ’ ಎಂದಳು. ಅಷ್ಟೇ, ತಿಂದದ್ದೆಲ್ಲ ನಿನ್ನ ಸೆರಗಿನ ಮೇಲೆ ಬಂತು. ಅಳಲಿಲ್ಲ. ಬಾಯಿ ಒರೆಸಿಕೊಂಡು ನಮ್ಮೆಲ್ಲರನ್ನೂ ನೋಡಿ, ‘ಇದ್ರಲ್ಲಿ ಏನೋ ಹಾಕಿದೀರ. ಯಾರು ಹಾಕಿದ್ದು?’ ಎಂದು ಕೇಳಿದಳು.

ಜಯಂತ್ ಎದ್ದು ಹೋಗಿ ಆ ವೆನಿಲಾ ಪ್ರೋಟೀನ್ ಪುಡಿಯ ಡಬ್ಬ ತಂದರು. ಒಳಗಿದ್ದ ಚಮಚಕ್ಕೆ ಮೊಸರು ಮೆತ್ತಿತ್ತು. ‘ಅಜ್ಜಿಗೆ ತಿಳೀಲಿಲ್ಲ ಪುಟ್ಟ, ಅಜ್ಜಿ ಇನ್ಮೇಲೆ ಹಾಕಲ್ಲ’ ಎಂಬ ಮಾತು ಹೊರಟಿತು. ಆಮೇಲೆ ಕೇಳಬೇಕೇ? ‘ನಿಮ್ಮೆದುರಿಗೇ ಡಾಕ್ಟರ್ ಅಷ್ಟು ಹೇಳಿದ್ರಲ್ಲ ಅತ್ತೆ’ ಎಂದರು ಜಯಂತ್. ‘ವಯಸ್ಸಾದ್ಮೇಲೆ ಹೇಳಿದ್ದು ತಲೇಲಿ ನಿಲ್ಲಲ್ಲ’ ಎಂದರು ನಿನಗಿಂತ ಐದು ವರ್ಷ ದೊಡ್ಡವರಾದ ಮಾವನವರು. ನೀನು ವಾಂತಿಯಾದ ಸೆರಗನ್ನು ಮುದುರಿ ಹಿಡಿದು ನಿಂತಿದ್ದೆ. ಒಂದು ಸಲ ನನ್ನ ಮುಖ ನೋಡಿದೆ. ‘ಹೋಗ್ಲಿ ಬಿಡಿ, ಮಗು ಮುಂದೆ ಬೇಡ’ ಎಂದು ಬಚ್ಚಲಿಗೆ ಹೋದೆ.

ಯಾಕಮ್ಮ ಸುಮ್ಮನಿದ್ದೆ? ನನ್ನ ಸಿಟ್ಟೆಲ್ಲ ಇದೇ. ಹಾಲಿಗೆ ನೀರು ಬೆರೆಸಿದವನನ್ನು ಬೀದಿಯಲ್ಲಿ ನಿಲ್ಲಿಸಿ ಬೆರಳು ಅದ್ದಿ ತೋರಿಸಿದವಳು ನೀನು. ನಲ್ಲಿಯ ಸರದಿ ತಪ್ಪಿಸಿದರೆ ಇಡೀ ಓಣಿಯನ್ನು ಒಂಟಿಯಾಗಿ ಎದುರಿಸಿದವಳು. ನನ್ನ ಮದುವೆಯಲ್ಲಿ ಬೀಗರು ಕಾಫಿ ತಣ್ಣಗಿದೆ ಎಂದದ್ದಕ್ಕೆ ‘ಬಿಸಿ ಇದ್ದಾಗ ನೀವು ಎದ್ದಿರ್ಲಿಲ್ಲ’ ಎಂದವಳು. ಅಂದು ನಾಲಿಗೆ ಎಲ್ಲಿಟ್ಟಿದ್ದೆ? ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ, ಜಗಳವಾಗುತ್ತಿತ್ತು, ಮುಗಿಯುತ್ತಿತ್ತು. ನೀನು ಮರುದಿನ ಬೆಳಿಗ್ಗೆ ಆರು ಗಂಟೆಗೆ ಸ್ನಾನ ಮಾಡಿ ಚೀಲ ಹಿಡಿದು ನಿಂತೆ. ಕೆ.ಆರ್. ಪುರದವರೆಗೆ ಬಿಡುತ್ತೇನೆಂದು ಜಯಂತ್ ಬೈಕ್ ತೆಗೆದರೆ ಆಟೋ ಹತ್ತಿದೆ. ಒಂದು ತಿಂಗಳು ಇರುತ್ತೇನೆಂದು ಬಂದವಳು! ಅಷ್ಟರ ಮೇಲೆ ಹೋಗುವ ಮುಂಚೆ ಫ್ರಿಜ್ ಒರೆಸಿ, ಚಟ್ನಿಪುಡಿ ಮಾಡಿ ಡಬ್ಬಿ ತುಂಬಿಸಿ ಇಟ್ಟಿದ್ದೆ. ಯಾರು ಕೇಳಿದ್ದರು ಅದನ್ನು? ತಿಂದೆ. ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

ನೀನು ಹೋದ ಮೇಲೆ ಒಂಬತ್ತು ದಿನ ಚಿನ್ನು ರಸ್ಕು, ಸೌತೆಕಾಯಿ, ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಕಲಸಿದ್ದು ಬೇಡ, ರುಬ್ಬಿದ್ದೂ ಬೇಡ. ಒಳಗೆ ಏನಿದೆಯೋ ಕಾಣುವುದಿಲ್ಲವಲ್ಲ, ದೋಸೆಯನ್ನೂ ಬಿಟ್ಟಳು. ಎಂಟನೆಯ ದಿನ ಶಾಲೆಯ ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತಳಂತೆ. ಫೋನ್ ಬಂದಾಗ ಆಫೀಸಿನಿಂದ ಚಪ್ಪಲಿ ಸರಿಯಾಗಿ ಹಾಕಿಕೊಳ್ಳದೆ ಓಡಿದೆ. ಡಾಕ್ಟರು ಇನ್ನೆರಡು ದಿನ ನೋಡಿ ಡ್ರಿಪ್ ಹಾಕೋಣ ಎಂದರು. ಮಾವನವರು ಕೂಡ ಪೇಪರ್ ಮಡಚಿಟ್ಟು ದೇವರ ಮನೆಗೆ ಹೋದರು.

ಹತ್ತನೆಯ ದಿನ ಅವಳೇ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಹತ್ತಿ ಕೂತಳು. ‘ಅಮ್ಮ, ನೀನೇ ಕಲಸು. ನನ್ನೆದುರಿಗೇ ಕಲಸು’ ಎಂದಳು. ಅನ್ನದ ಪಾತ್ರೆಯಲ್ಲಿ ಇಣುಕಿದಳು, ಮೊಸರು ಮೂಸಿದಳು, ಉಪ್ಪನ್ನು ನೆಕ್ಕಿ ನೋಡಿದಳು. ಆಮೇಲೆ ತಿಂದಳು. ಅಂದಿನಿಂದ ಎರಡು ಹೊತ್ತೂ ತಿನ್ನುತ್ತಿದ್ದಾಳೆ, ನನ್ನ ಕೈಯಲ್ಲಿ ಮಾತ್ರ. ಜಯಂತ್ ಕೊಟ್ಟರೂ ಇಲ್ಲ, ತಾತ ಕೊಟ್ಟರೂ ಇಲ್ಲ. ಮಧ್ಯಾಹ್ನ ನಾನೇ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋಗಿ ತಿನ್ನಿಸಿ ಬರುತ್ತೇನೆ. ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ‘ತಾಯಿ ಕೈ ಅಂದ್ರೆ ತಾಯಿ ಕೈನೇ’ ಎಂದರು ಮಾವನವರು. ಸ್ನಾನದ ಮನೆಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟುಕೊಂಡು ಅತ್ತೆ.

ಸೀನನಿಗೆ, ಅವನ ಮನೆಯವರಿಗೆ ಕೇಳಿದೆನೆಂದು ಹೇಳು. ಮಂಡಿ ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಉತ್ತರ ಬರೆ, ಬೈದಾದರೂ ಬರೆ. ಹೊಗಳಿಕೆ ಸಾಕಾಗಿದೆ, ನಿನ್ನ ಬೈಗುಳ ಬೇಕು. ಅದರ ಜೊತೆ ನಿನ್ನ ಆಶೀರ್ವಾದವೂ ಬರಲಿ, ನನಗೆ ಅಲ್ಲದಿದ್ದರೆ ಚಿನ್ನುಗೆ.

ನಿನ್ನ ಸಿಟ್ಟುಮಾರಿ ಮಗಳು,
ರಂಜನಾ

ತಾ.ಕ.: ಮರೆತು ಉಳಿದದ್ದಲ್ಲ ಇದು, ಮೇಲೆ ಬರೆಯಲಾಗದೆ ಉಳಿದದ್ದು. ಮೂರು ಸಲ ಹರಿದದ್ದೂ ಇದಕ್ಕೇ. ನೀನು ಕಲಸಿಟ್ಟು ಕೈ ತೊಳೆಯಲು ಹೋದಾಗ ಪುಡಿ ಬೆರೆಸಿದವಳು ನಾನು. ಮಗು ಕೇಳಿದಾಗ ನೋಡಿದ್ದು ನನ್ನ ಕಡೆಗೆ. ಆರು ವರ್ಷದವಳಿಗೆ ಹೆದರಿದೆ ಅಮ್ಮ. ‘ಅಜ್ಜಿಗೆ ತಿಳೀಲಿಲ್ಲ’ ಎಂದ ಬಾಯಿ ನನ್ನದು. ನೀನು ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡೆ, ಅದನ್ನು ಹೊತ್ತುಕೊಂಡು ಬಸ್ಸು ಹತ್ತಿದೆ. ಜಯಂತ್‌ಗೂ ಮಾವನವರಿಗೂ ನಿನ್ನೆ ಸಂಜೆ ಹೇಳಿದೆ. ಚಿನ್ನುಗೆ ಹೇಳಲು ಆಗಿಲ್ಲ. ಹೇಳಿದರೆ ಅವಳು ಉಣ್ಣುವ ಒಂದೇ ಕೈ ಹೋಗುತ್ತದೆ, ಹೇಳದಿದ್ದರೆ ಅವಳ ಪಾಲಿಗೆ ನೀನು ಇಲ್ಲವಾಗುತ್ತೀಯ. ಇವತ್ತೂ ಮೊದಲ ತುತ್ತು ಹಿಡಿದಾಗ ದಿನದಂತೆ ಕೇಳಿದಳು: ‘ಅಮ್ಮ, ನೀನು ಅಜ್ಜಿ ಥರ ಮೋಸ ಮಾಡಲ್ಲ ತಾನೆ?’ ನಾನು ‘ಇಲ್ಲ ಪುಟ್ಟ’ ಎಂದೆ. ಅವಳು ಬಾಯಿ ತೆರೆದಳು.